ಲ್ಯಾಕ್ಸ್‌ಟನ್: ಬೇಲಿ ಕಾಣದ ಹೊಲಗಳ ಊರು

ನವೆಂಬರ್ ಕೊನೆಯ ಚಳಿಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಸಣ್ಣ ಹಳ್ಳಿಯ ರೈತರು ಮರದ ಗೂಟ, ಸುತ್ತಿಗೆ ಹಿಡಿದು ಗೋಧಿ ಬಿತ್ತಿದ ಹೊಲಕ್ಕೆ ಹೊರಡುತ್ತಾರೆ. ಅವರು ಆ ವರ್ಷದ ಪಂಚರು. ಯಾರ ನೇಗಿಲು ದಾರಿಯನ್ನು ತಿಂದಿದೆ, ಯಾರು ಪಕ್ಕದ ಹುಲ್ಲುಪಟ್ಟೆಯನ್ನು ಒತ್ತಿದ್ದಾರೆ, ಯಾರ ಕಾಲುವೆ ಹೂಳು ತುಂಬಿದೆ ಎಂದು ನಡೆದು ನೋಡುತ್ತಾರೆ, ಗಡಿ ಅಳಿಸಿದ ಕಡೆ ಗೂಟ ಬಡಿಯುತ್ತಾರೆ. ಮುಂದಿನ ವಾರ ಊರಿನ ಡವ್‌ಕೋಟ್ ಪಬ್ಬಿನಲ್ಲಿ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಸಭೆ ಸೇರಿ ತಪ್ಪು ಮಾಡಿದವರಿಗೆ ದಂಡ ಹಾಕುತ್ತದೆ. ದಂಡದ ಮೊತ್ತ ಕೆಲವೇ ಪೌಂಡುಗಳು. ಆದರೆ ಅಕ್ಕಪಕ್ಕದ ಹೊಲದವರ ಮುಂದೆ ಹೆಸರು ಕೂಗಿಸಿಕೊಳ್ಳುವುದು ಯಾವ ರೈತನಿಗೆ ಇಷ್ಟವಾದೀತು?

ಬದುವಿನ ಜಗಳಕ್ಕೆ ದಾಯಾದಿಗಳು ತಲೆಮಾರುಗಟ್ಟಲೆ ಕೋರ್ಟು ಅಲೆಯುವುದನ್ನು ಕಂಡ ನಮಗೆ ಈ ವ್ಯವಸ್ಥೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಾಲದಲ್ಲಿ ಇಂಗ್ಲೆಂಡಿನ ಬಹುಪಾಲು ಬಯಲುಸೀಮೆ ಹೀಗೆಯೇ ಇತ್ತು. ದೊಡ್ಡ ಬಯಲುಗಳು, ಅವುಗಳಲ್ಲಿ ಪ್ರತಿ ಮನೆಗೂ ಅಲ್ಲೊಂದು ಇಲ್ಲೊಂದು ಪಟ್ಟೆ, ನಡುವೆ ಬೇಲಿಯಿಲ್ಲ. ಆಮೇಲೆ ಭೂಮಾಲೀಕರು ಸಂಸತ್ತಿನ ಬಲದಿಂದ ಬೇಲಿ ಹಾಕಿಸಿ ಬಯಲನ್ನೂ ಊರ ಹುಲ್ಲುಗಾವಲನ್ನೂ ಖಾಸಗಿ ಜಮೀನು ಮಾಡಿಕೊಂಡರು. 1604ರಿಂದ 1914ರವರೆಗೆ ಐದು ಸಾವಿರಕ್ಕೂ ಹೆಚ್ಚು ಕಾಯ್ದೆಗಳು, ಸುಮಾರು 68 ಲಕ್ಷ ಎಕರೆ. ಒಂದು ಹಸು ಕಟ್ಟಿಕೊಂಡು ಊರ ಹುಲ್ಲನ್ನೇ ನಂಬಿ ಬದುಕುತ್ತಿದ್ದವರು ಕೂಲಿಗಳಾದರು. ಇದನ್ನು ಕೃಷಿಯ ಪ್ರಗತಿ ಎಂದು ಮಾತ್ರ ಬರೆಯುವ ಚರಿತ್ರೆಯನ್ನು ನಾನು ಒಪ್ಪುವುದಿಲ್ಲ.

ಲ್ಯಾಕ್ಸ್‌ಟನ್ ಉಳಿದದ್ದು ಯಾರದೋ ದೂರದೃಷ್ಟಿಯಿಂದಲ್ಲ. ಊರಿನ ಭೂಮಿ ಇಬ್ಬರು ಶ್ರೀಮಂತರ ನಡುವೆ ಹಂಚಿಹೋಗಿತ್ತು, ಇಡೀ ಊರಿಗೆ ಬೇಲಿ ಹಾಕುವ ವಿಷಯದಲ್ಲಿ ಅವರಿಗೆ ಒಮ್ಮತ ಮೂಡಲಿಲ್ಲ. ಸ್ವಲ್ಪ ಭಾಗಕ್ಕೆ ಬೇಲಿ ಬಿದ್ದೇ ಬಿತ್ತು. ಉಳಿದಿರುವುದು ಸುಮಾರು 480 ಎಕರೆ: ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದಕ್ಕೆ ಬಿಡುವು. ಮರುವರ್ಷ ಸರದಿ ಬದಲಾಗುತ್ತದೆ. ಉಳಲಾಗದ ತಗ್ಗಿನ ಹುಲ್ಲುಪಟ್ಟೆಗಳ ಹುಲ್ಲನ್ನು ವರ್ಷವರ್ಷವೂ ಹರಾಜು ಹಾಕುತ್ತಾರೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬಾತ ಈ ಊರಿನ ನಕ್ಷೆ ಬರೆದ. ಅದು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟೆಯೂ ಅದರಲ್ಲಿದೆ, ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳೂ ಇವೆ. ಊರ ಬೀದಿಯ ರಚನೆ ಇಂದಿಗೂ ಅದನ್ನು ಹೋಲುತ್ತದೆ. ಬೇಲಿ ಬಿದ್ದ ಊರುಗಳಲ್ಲಿ ರೈತರು ಮನೆಯನ್ನು ತಮ್ಮ ಜಮೀನಿನ ನಡುವೆ ಕಟ್ಟಿಕೊಂಡು ದೂರ ಹೋದರು. ಇಲ್ಲಿ ಹೊಲ ಹತ್ತು ಕಡೆ ಹರಡಿದ್ದರಿಂದ ಒಕ್ಕಲು ಮನೆಗಳು ಬೀದಿಗೆ ಪಕ್ಕದ ಗೋಡೆ ಕೊಟ್ಟು ಸಾಲಾಗಿಯೇ ನಿಂತಿವೆ. ತಪ್ಪಿಸಿಕೊಂಡ ದನಗಳನ್ನು ಕೂಡಿಹಾಕುವ ದೊಡ್ಡಿಯೂ ಇದೆ. ಊರಿನ ಬಡಗಣ ಅಂಚಿನಲ್ಲಿ ನಾರ್ಮನ್ನರ ಕೋಟೆಯ ಮಣ್ಣುದಿಬ್ಬವಿದೆ, ಪ್ರವಾಸಿಗಳು ಮೊದಲು ಹತ್ತುವುದು ಅದನ್ನೇ.

ಇದು ಸಮಾನತೆಯ ಸ್ವರ್ಗವೇನಲ್ಲ. ಕೋರ್ಟ್ ಲೀಟ್ ಹುಟ್ಟಿದ್ದು ಜಮೀನುದಾರನ ನ್ಯಾಯಾಲಯವಾಗಿ, ಇಲ್ಲಿನ ರೈತರು ಇಂದಿಗೂ ಗೇಣಿದಾರರು. ಆದರೂ ಊರ ಸ್ವತ್ತನ್ನು ಜನಕ್ಕೆ ಬಿಟ್ಟರೆ ಹಾಳು ಮಾಡುತ್ತಾರೆ ಎನ್ನುವವರ ಮುಂದೆ ನಾನು ಈ ಊರನ್ನು ಇಡುತ್ತೇನೆ. ಕಣ್ಣಳತೆಯಲ್ಲಿರುವ ಹೊಲ, ಎಲ್ಲರಿಗೂ ಗೊತ್ತಿರುವ ನಿಯಮ, ವರ್ಷಕ್ಕೊಮ್ಮೆ ತಪ್ಪದ ತಪಾಸಣೆ, ತಪಾಸಣೆ ಮಾಡುವವರೂ ಅದೇ ಹೊಲ ಉಳುವವರು: ಇಷ್ಟಿದ್ದಲ್ಲಿ ಜನ ಶತಮಾನಗಳ ಕಾಲ ಹಂಚಿಕೊಂಡು ಬಾಳಿದ್ದಾರೆ.

1952ರಲ್ಲಿ ಸರ್ಕಾರದ ಕೃಷಿ ಸಚಿವಾಲಯ ಈ ಎಸ್ಟೇಟನ್ನು ಕೊಂಡಿತು, 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಎಂಬ ಖಾಸಗಿ ಜಮೀನುದಾರಿಯ ಪಾಲಾಯಿತು. ಒಡೆಯರು ಬದಲಾಗುವುದಕ್ಕಿಂತ ನನ್ನನ್ನು ಕಾಡುವುದು ಬೇರೆ. ಪಂಚರಾಗಿ ಕೂರಲು ಉಳುವವರು ಬೇಕು. ಸಣ್ಣ ಹಿಡುವಳಿಯಲ್ಲಿ ಸಂಸಾರ ನಡೆಯದೆ ಮಕ್ಕಳು ಪಟ್ಟಣಕ್ಕೆ ಹೋದರೆ ಎರಡು ಮೂರು ಮನೆಗಳೇ ಎಲ್ಲ ಪಟ್ಟೆಗಳನ್ನೂ ಉಳುತ್ತವೆ, ಆಗ ಯಾರ ಗಡಿಯನ್ನು ಯಾರು ನೋಡುವುದು? ಈ ಊರನ್ನು ಪರಂಪರೆ ಎಂದು ಹೊಗಳುವವರು ಅಲ್ಲಿನ ಗೇಣಿ ಎಷ್ಟು, ಹೊಸ ಒಕ್ಕಲಿಗೆ ಹೊಲ ಸಿಗುತ್ತದೆಯೇ ಎಂದು ಮೊದಲು ಕೇಳಲಿ.