ಸನ್‌ರೂಫ್ ಇದೆಯಾ ಭಾವ?

ನಮ್ಮ ನೆಂಟರಲ್ಲಿ ಯಾರು ಕಾರು ಕೊಳ್ಳುವುದಿದ್ದರೂ ಮೊದಲು ನನಗೇ ಫೋನ್ ಮಾಡುತ್ತಾರೆ. ಗಂಟೆಗಟ್ಟಲೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ನಾನು ಬೇಡ ಅಂದ ಗಾಡಿಯನ್ನೇ ಕೊಂಡು, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿ, ಪೇಡಾ ಹಿಡಿದುಕೊಂಡು ಬರುತ್ತಾರೆ.

ಬಾಮೈದನೂ ಎರಡು ತಿಂಗಳು ತಲೆ ತಿಂದ. ನಾನೇನು ಕಡಿಮೆಯೇ? ನಮ್ಮ ಹಂಪುಗಳಿಗೆ ಗ್ರೌಂಡ್ ಕ್ಲಿಯರೆನ್ಸ್ ಎಷ್ಟಿರಬೇಕು, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಯಾವುದಕ್ಕೆ ಎಷ್ಟು ಸ್ಟಾರ್, ಏಸಿ ಕಡಿಮೆ ಮಾಡಲು ಟಚ್‌ಸ್ಕ್ರೀನ್ ಎಷ್ಟು ಸಲ ಒತ್ತಬೇಕು, ಎಲ್ಲ ಹೇಳಿದೆ. ಈ ಟಚ್‌ಸ್ಕ್ರೀನ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಂಡಿ ರಸ್ತೆಯಲ್ಲಿ ಫ್ಯಾನ್ ಒತ್ತಲು ಹೋದರೆ ರೇಡಿಯೋ ಶುರುವಾಗುತ್ತದೆ. ತಿರುಗಿಸೋಕೆ ಒಂದು ಗುಬುಟು ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬಾಮೈದ ಎಲ್ಲದಕ್ಕೂ ತಲೆಯಾಡಿಸಿದ. ಕೊನೆಗೆ ಒಂದೇ ಪ್ರಶ್ನೆ. "ಅದೆಲ್ಲ ಸರಿ, ಸನ್‌ರೂಫ್ ಇದೆಯಾ ಭಾವ?"

ನನ್ನ ಮಾತಿಗೆ ಬೆಲೆ ಯಾಕಿಲ್ಲ ಅಂದರೆ, ನಾನು ಓಡಿಸುವುದು 1987ರ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿಯಾದರೂ ಜನರ ಬಾಯಲ್ಲಿ ಅದು ಫಿಯಟ್ಟೇ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಗೇರು. ಬೆಳಗ್ಗೆ ಚೋಕ್ ಎಳೆದು, ಎರಡು ಒಳ್ಳೆ ಮಾತಾಡಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. "ಎಷ್ಟು ಕೊಡುತ್ತೆ?" ಅಂತ ಯಾರಾದರೂ ಮೈಲೇಜ್ ಕೇಳಿದರೆ ಮಾತು ಬದಲಾಯಿಸುತ್ತೇನೆ.

ಏಪ್ರಿಲ್‌ನಲ್ಲಿ ನನ್ನ ಫಿಯಟ್, ಬಾಮೈದ ಕೊಂಡ ಸನ್‌ರೂಫಿನ ಹೊಸ ಕಾರು, ಎರಡೂ ಗಾಡಿಗಳಲ್ಲಿ ಧರ್ಮಸ್ಥಳಕ್ಕೆ ಹೋದೆವು. ಮಾವನವರು ಅಭಿಮಾನದಿಂದ ನನ್ನ ಪಕ್ಕವೇ ಕೂತರು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ. ಮಧ್ಯಾಹ್ನದ ಬಿಸಿಲು, ಎರಡನೇ ಗೇರು, ಮುಂದೆ ಬುಸುಗುಡುತ್ತಾ ಹತ್ತುವ ಲಾರಿ. ಅರ್ಧ ಘಾಟಿಯಲ್ಲಿ ನನ್ನ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಬಾಮೈದನ ಕಾರೂ ನಿಂತಿತು. ಮೇಲಿನ ಗಾಜು ಸರ್‍ರನೆ ಸರಿದು ಅವನ ತಲೆ ಹೊರಬಂತು. "ಏನಾಯ್ತು ಭಾವ?"

"ಏನಿಲ್ಲ. ವೇಪರ್ ಲಾಕ್." ಬಾನೆಟ್ ಎತ್ತಿ ಪಾಠ ಶುರು ಮಾಡಿದೆ. ಹಳೇ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಎಂಜಿನ್ ಕಾದರೆ ಅದೂ ಕಾಯುತ್ತದೆ. ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪು ಎಳೆಯಲಾರದು. ಮದ್ದು ಇಷ್ಟೇ, ಒದ್ದೆ ಬಟ್ಟೆ ಸುತ್ತಿ ಕಾಯೋದು. ಜ್ವರ ಬಂದ ಮಗುವಿನ ಹಣೆಗೆ ಹಾಕಿದ ಹಾಗೆ.

ಟವೆಲ್ ನೆನೆಸಿ ಪಂಪಿಗೆ ಸುತ್ತಿ, ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದೆ. ಹಿಂದಿನಿಂದ ಮಾವನವರು "ಅಳಿಯಂದ್ರೇ, ಕೋತಿ!" ಅಂದರು. ತಿರುಗಿ ನೋಡಿದರೆ ಚಾರ್ಮಾಡಿಯ ಕೋತಿಯೊಂದು ಗ್ಯಾರೇಜಿನವನ ಹಾಗೆ ಬಾನೆಟ್ ಒಳಗೆ ಇಣುಕುತ್ತಿತ್ತು. ನಾನು "ಹೇಯ್" ಅನ್ನುವಷ್ಟರಲ್ಲಿ ಟವೆಲ್ ಬಿಚ್ಚಿಕೊಂಡು ಮರ ಹತ್ತಿತು. ಕೊಂಬೆಯ ಮೇಲೆ ಕೂತು, ಒಮ್ಮೆ ಮೂಸಿ, ಹೆಗಲ ಮೇಲೆ ಹಾಕಿಕೊಂಡಿತು. ಪೆಟ್ರೋಲ್ ವಾಸನೆ ಅದಕ್ಕೂ ಹಿಡಿಸಿತೇನೋ. ನನ್ನ ಜಾತಿಯದ್ದೇ ಇರಬೇಕು.

ಬೇರೆ ಬಟ್ಟೆ ಬೇಕಲ್ವಾ? ಬಾಮೈದನ ಹತ್ತಿರ ಹೊಸ ಕಾರಿನ ಜೊತೆ ಕೊಟ್ಟ ಹಳದಿ ಮೈಕ್ರೋಫೈಬರ್ ಬಟ್ಟೆ ಇತ್ತು. "ಅದರಲ್ಲಿ ಗ್ರೀಸ್ ಮುಟ್ಟಬಾರದು ಭಾವ, ಆಮೇಲೆ ಬಾಡಿ ಸ್ಕ್ರಾಚ್ ಆಗುತ್ತೆ" ಅಂದ. ಯಾವತ್ತೋ ನಾನೇ ಹೇಳಿಕೊಟ್ಟ ಮಾತು. ನನ್ನ ಒಂದೇ ಒಂದು ಸಲಹೆ ಪಾಲಿಸಿದ್ದಾನೆ, ಅದೂ ಇವತ್ತು.

ಕೊನೆಗೆ ಮಾವನವರು ಏನೂ ಮಾತಾಡದೆ ಹೆಗಲ ಮೇಲಿದ್ದ ಶಲ್ಯ ತೆಗೆದು ಕೊಟ್ಟರು. ಜರಿ ಅಂಚಿನದ್ದು. ಇಪ್ಪತ್ತು ನಿಮಿಷದಲ್ಲಿ ಪಂಪು ತಣ್ಣಗಾಯಿತು, ಗಾಡಿ ಸ್ಟಾರ್ಟ್ ಆಯಿತು. ಶಲ್ಯ ಮಾತ್ರ ಮತ್ತೆ ಹೆಗಲೇರುವ ಸ್ಥಿತಿಯಲ್ಲಿ ಇರಲಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ಅಪರಿಚಿತರೊಬ್ಬರು ನನ್ನ ಗಾಡಿಯ ಸುತ್ತ ಎರಡು ಸುತ್ತು ಬಂದರು. "ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಸಾರ್! ನಿಮಗೆ ಗೊತ್ತಿರುತ್ತೆ. ನಾನೂ ಒಂದು ಕಾರು ತಗೋಬೇಕು ಅಂತಿದ್ದೀನಿ, ಯಾವುದು ತಗೊಳ್ಳಲಿ?"

ನನ್ನ ದೋಸೆ ತಣ್ಣಗಾಯಿತು. ಗ್ರೌಂಡ್ ಕ್ಲಿಯರೆನ್ಸ್‌ನಿಂದ ಶುರು ಮಾಡಿ ಸ್ಟಾರ್‌ಗಳವರೆಗೆ ಬಂದಿದ್ದೆ. ಅಷ್ಟರಲ್ಲಿ ನೋಡಿದರೆ, ಮಾವನವರು ಸದ್ದಿಲ್ಲದೆ ತಮ್ಮ ಚೀಲ ಎತ್ತಿಕೊಂಡು ಬಾಮೈದನ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಳ್ಳುತ್ತಿದ್ದರು.