ಆನೆಗೊಂದಿಯ ಆ ಕೋಣೆಯಲ್ಲಿ ಯಾರು ಇರಬೇಕು?

ಹಳೆಯ ಊರುಗಳಲ್ಲಿ ಆರ್ಟಿಸ್ಟ್ ರೆಸಿಡೆನ್ಸಿ ನಡೆಸಬೇಕು ಅನ್ನುವ ಮಾತು ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ. ನನಗಂತೂ ಇದು ಖುಷಿಯ ವಿಷಯ. ಒಬ್ಬ ಕಲಾವಿದರಿಗೆ ಒಂದೆರಡು ತಿಂಗಳು ಇರಲು ಜಾಗ, ಊಟ, ಕೈಖರ್ಚಿಗೆ ದುಡ್ಡು ಕೊಟ್ಟು, "ಯಾರ ಆರ್ಡರೂ ಇಲ್ಲ, ನಿಮಗೆ ಬೇಕಾದ್ದು ಮಾಡಿ" ಅನ್ನುವುದಿದೆಯಲ್ಲ, ಅದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುತ್ತಾ ಚಿತ್ರ ಬರೆಯುವ ಯಾರನ್ನು ಬೇಕಾದರೂ ಕೇಳಿ ನೋಡಿ. ಹಾಗಾಗಿ ಆನೆಗೊಂದಿಯಂಥ ಊರಲ್ಲಿ ಇಂಥದ್ದು ನಡೆಯಲಿ ಅಂತ ಯಾರೇ ಅಂದರೂ ನಾನು ಅವರ ಜೊತೆಗಿದ್ದೇನೆ. ಒಂದೇ ಒಂದು ಪ್ರಶ್ನೆ: ಆ ಕೋಣೆಯಲ್ಲಿ ಯಾರು ಇರಬೇಕು?

ಹಂಪಿ ನೋಡಿದವರಲ್ಲಿ ಎಷ್ಟೋ ಜನ ಹೊಳೆ ದಾಟಿರುವುದಿಲ್ಲ. ತುಂಗಭದ್ರೆಯ ಈ ಕಡೆ ಹಂಪಿ, ಆ ಕಡೆ ಆನೆಗೊಂದಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ವಿಜಯನಗರ ಹುಟ್ಟುವ ಮೊದಲೇ ಇದು ಕೋಟೆಯ ಊರು. ಗಗನ ಮಹಲ್, ರಂಗನಾಥ ದೇವರ ಗುಡಿ, ಒಳಛಾವಣಿಯಲ್ಲಿ ಬಣ್ಣದ ಚಿತ್ರಗಳಿರುವ ಹುಚ್ಚಪ್ಪಯ್ಯನ ಮಠ, ಹೊಳೆಯ ನಡುವೆ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನ, ಊರಾಚೆ ಅಂಜನಾದ್ರಿ ಬೆಟ್ಟ. ಹತ್ತಿರದ ಬಂಡೆಗಳಲ್ಲಿ ಇತಿಹಾಸಕ್ಕೂ ಹಿಂದಿನ ಕಾಲದ ಚಿತ್ರಗಳಿವೆ. ಸ್ವಲ್ಪ ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ, 2000 ವರ್ಷಕ್ಕಿಂತ ಹಳೆಯ ಸಮಾಧಿಗಳಿವೆ. ಇಲ್ಲಿ ಬಂದು ನಿಂತ ಕಲಾವಿದರಿಗೆ ಕೈ ಸುಮ್ನೆ ಇರುವುದಾದರೂ ಹೇಗೆ?

ಆದರೆ ಇಲ್ಲಿಗೆ ಬರುವವರು ಮೊದಲು ಗದ್ದೆ ನೋಡಬೇಕು ಅಂತ ನನ್ನ ಆಸೆ. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳು ಈ ಸೀಮೆಯಲ್ಲಿ ಇವತ್ತಿಗೂ ಹರಿಯುತ್ತವೆ. ಅದೇ ನೀರಲ್ಲಿ ಭತ್ತ, ಬಾಳೆ ಬೆಳೆಯುತ್ತಾರೆ. ಗುಡಿಯ ಕಂಬಕ್ಕೆ ಬೇಲಿ ಹಾಕಿ ಕಾಯುತ್ತೇವೆ. ಕಾಲುವೆಯನ್ನು ರೈತರು ಹೂಳು ತೆಗೆದು, ನೀರಿಗೆ ಪಾಳಿ ಕಾದು ಬಳಸುತ್ತಾರೆ. ಎರಡೂ ಹಳೆಯವೇ. ಫೋಟೋದಲ್ಲಿ ಬರುವುದು ಮಾತ್ರ ಕಂಬ.

ಹಳೆಯ ಊರಲ್ಲಿ ಬದುಕುವುದು ಸುಲಭ ಅಂದುಕೊಳ್ಳಬೇಡಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಳೆಗೆ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿತು. 2006ರಲ್ಲಿ ಅದರಿಂದ ಹೊರಬಂತು. ಆನೆಗೊಂದಿಯ ಸೇತುವೆ 2009ರಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರ ಜೀವ ಹೋಯಿತು. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದರು. 2020ರಲ್ಲಿ ಹೊಳೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನೂ ಕೆಡವಿದರು. ಸ್ಮಾರಕ ಉಳಿಸಲು ನಿಯಮ ಬೇಕೇ ಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಹಸುಗೂಸನ್ನು ಆಸ್ಪತ್ರೆಗೆ ಕರೆದೊಯ್ಯಲು ಸುತ್ತು ಹಾಕಿ ಹೋಗಬೇಕಾದ ತಾಯಿಗೆ, ಮನೆಗೆ ಇನ್ನೊಂದು ಕೋಣೆ ಕಟ್ಟಲು ಅನುಮತಿ ಕಾಯುವವರಿಗೆ, ಇತಿಹಾಸ ಅನ್ನುವುದು ನಮಗೆ ಕಂಡಷ್ಟು ಚೆಂದವಾಗಿ ಕಾಣುವುದಿಲ್ಲ. ಒಂದು ತಿಂಗಳು ಇರಲು ಬಂದವರಿಗೆ ಇದು ಗೊತ್ತಿರಬೇಕು. ಗೊತ್ತಿದ್ದರೆ ಬರೆಯುವ ಚಿತ್ರವೂ ಬೇರೆಯಾಗುತ್ತದೆ.

ಹೊರಗಿನಿಂದ ಬಂದ ಕಲಾವಿದರು ಊರಿಗೆ ಏನೂ ಕೊಡುವುದಿಲ್ಲ ಅನ್ನುವವನಲ್ಲ ನಾನು. ಆನೆಗೊಂದಿಯಲ್ಲೇ ಉದಾಹರಣೆ ಇದೆ. ಶಮಾ ಪವಾರ್ ಹೊರಗಿನಿಂದ ಬಂದ ಕಲಾವಿದೆ. ಬಂದವರು ಅಲ್ಲೇ ನೆಲೆ ನಿಂತರು. 1997ರಲ್ಲಿ ಕಿಷ್ಕಿಂದಾ ಟ್ರಸ್ಟ್ ಶುರು ಮಾಡಿದರು. ಗೊನೆ ಕಡಿದ ಮೇಲೆ ಬಾಳೆ ದಿಂಡು ತೋಟದಲ್ಲೇ ಕೊಳೆಯುತ್ತದೆ ಅಲ್ವಾ? ಅದರ ನಾರು ತೆಗೆದು, ಹುರಿ ಮಾಡಿ, ಬುಟ್ಟಿ, ಚೀಲ, ಚಾಪೆ ಹೆಣೆಯುವ ಕೆಲಸ ಊರ ಹೆಣ್ಣುಮಕ್ಕಳ ಕೈಗೆ ಬಂತು. ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ, ಬಂದವರು ಉಳಿಯುವ ಹಾಗೆ ಮಾಡಿದರು. ಕಣ್ಣು ಹೊರಗಿನದು, ಕೈ ಊರಿನದು, ದುಡಿಮೆ ಊರಲ್ಲೇ ಉಳಿಯಿತು. ಇದಕ್ಕೆ ವರ್ಷಗಟ್ಟಲೆ ಹಿಡಿಯಿತು. ಎರಡು ತಿಂಗಳ ವಾಸದಲ್ಲಿ ಇಷ್ಟೆಲ್ಲ ಆಗಲಿ ಅಂತ ಕೇಳುವುದು ಅನ್ಯಾಯ.

ನಾನು ಕೇಳುವುದು ಬೇರೆ. ಆ ಕೋಣೆಗಳಲ್ಲಿ ಒಂದನ್ನು ಕಿನ್ನಾಳದವರಿಗೆ ಕೊಡಿ.

ಕಿನ್ನಾಳ ಕೊಪ್ಪಳದ ಹತ್ತಿರದ ಊರು. ಅಲ್ಲಿನ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದಲ್ಲಿ ಗೌರಿ, ಗರುಡ, ಹಣ್ಣು, ಪ್ರಾಣಿ ಮಾಡುತ್ತಾ ಬಂದಿವೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಒಳಛಾವಣಿಯ ಚಿತ್ರಗಳನ್ನು ಬರೆದವರು ಇವರ ಹಿರೀಕರೇ ಅನ್ನುತ್ತಾರೆ. ಕೆಲಸ ಎಷ್ಟು ಸೂಕ್ಷ್ಮ ಗೊತ್ತಾ? ಹಗುರ ಮರವನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿ ಬಟ್ಟೆಯ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಅದೇ ಅಂಟು ಸೇರಿಸಿದರೆ ಕಿಟ್ಟ ಆಗುತ್ತದೆ. ಅದನ್ನು ಮೈಗೆಲ್ಲ ಮೆತ್ತುತ್ತಾರೆ. ಒಡವೆಗಳ ಉಬ್ಬು ಕೆಲಸಕ್ಕೆ ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ್ದು. ಬಣ್ಣ ಆಮೇಲೆ. ಹಿಂದೆಲ್ಲ ತವರದಿಂದಲೇ ಚಿನ್ನದ ಹೊಳಪು ತರುವ ಲಾಜವರ ಅನ್ನುವ ಕೆಲಸವೂ ಇತ್ತು. ಕಿನ್ನಾಳ ಗೊಂಬೆಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಬಿಡುವು? ಆರ್ಡರ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಗಿರಾಕಿ ಕೇಳಿದ್ದೇ ಗೌರಿ, ಗಿರಾಕಿ ಕೇಳಿದ್ದೇ ಅಳತೆ. "ಎರಡು ತಿಂಗಳು ಯಾರಿಗೂ ಏನೂ ಮಾಡಿಕೊಡಬೇಡಿ, ನಿಮ್ಮ ಮನಸ್ಸಿಗೆ ಬಂದದ್ದು ಮಾಡಿ, ದುಡ್ಡು ನಾವು ಕೊಡುತ್ತೇವೆ" ಅಂತ ಅವರಿಗೆ ಹೇಳುವವರು ಯಾರು? ರೆಸಿಡೆನ್ಸಿ ಇರುವುದೇ ಅದಕ್ಕಲ್ವಾ?

ಅದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲು ಗೊಂಬೆ ಆಡಿಸುತ್ತಾ ದೇಶವಿದೇಶ ಸುತ್ತಿದ ಅಜ್ಜಿ. ಪ್ರಶಸ್ತಿ ಬರುವ ಹೊತ್ತಿಗೆ ಅವರಿಗೆ 90 ದಾಟಿತ್ತು. ಆ ಸುದ್ದಿ ಓದಿ ಕಣ್ಣು ತುಂಬಿ ಬಂತು, ಹಿಂದೆಯೇ ಸಿಟ್ಟೂ ಬಂತು. ಇಷ್ಟು ತಡವಾಗಿಯೇ? ಆ ಕುಟುಂಬಗಳ ಹುಡುಗರಿಗೆ, ಹುಡುಗಿಯರಿಗೆ ಇಪ್ಪತ್ತರ ವಯಸ್ಸಿನಲ್ಲಿ ಒಂದು ಕೋಣೆ, ಒಂದು ಪರದೆ, ಹೊಸ ಕಥೆ ಕಟ್ಟಲು ಸಮಯ ಸಿಗಬೇಕು. ಹೊಸ ಗೊಂಬೆಗೆ ತೊಗಲು ಹದ ಮಾಡಿ, ಬಣ್ಣ ಹಾಕಿ, ಮಾತು, ಹಾಡು ಕೂಡಿಸುವುದು ಒಂದು ವಾರದಲ್ಲಿ ಮುಗಿಯುವ ಕೆಲಸವಲ್ಲ.

ಯಾರೂ ಬೇಕಂತಲೇ ಇವರನ್ನು ದೂರ ಇಟ್ಟಿದ್ದಾರೆ ಅಂತ ನಾನು ಹೇಳುವುದಿಲ್ಲ. ಇಂಥ ರೆಸಿಡೆನ್ಸಿಯ ಒಂದು ಅರ್ಜಿ ನಮೂನೆ ಈಚೆಗೆ ನನ್ನ ಕೈಗೆ ಬಂತು. ಯಾರದು ಅನ್ನುವುದು ಬೇಡ. ಪೂರ್ತಿ ಇಂಗ್ಲಿಷು. ಬಯೋಡೇಟಾ, ಹಿಂದಿನ ಪ್ರದರ್ಶನಗಳ ಪಟ್ಟಿ, ವೆಬ್‌ಸೈಟ್ ಲಿಂಕು, ಕಲಾವಿದರ ಹೇಳಿಕೆ, ಇಬ್ಬರು ಗಣ್ಯರ ಶಿಫಾರಸು. ಕಿನ್ನಾಳದ ಒಬ್ಬ ಯಜಮಾನರ ಮುಂದೆ ಇದನ್ನು ಇಟ್ಟು ನೋಡಿ. ಐವತ್ತು ವರ್ಷದ ಕೆಲಸ ಊರೂರ ಗುಡಿಗಳಲ್ಲಿದೆ, ಜನ ಕೈ ಮುಗಿಯುತ್ತಿದ್ದಾರೆ. ಅದನ್ನು ಬರೆಯಲು ಆ ನಮೂನೆಯಲ್ಲಿ ಜಾಗವೇ ಇಲ್ಲ.

ಹಳ್ಳಿಯಲ್ಲಿ ಬೇರೆ ರೀತಿ ಸಾಧ್ಯ ಅಂತ ತೋರಿಸಿದ್ದು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು. 1949ರಲ್ಲಿ ಊರವರೇ ಸೇರಿ ನೀನಾಸಂ ಅನ್ನುವ ನಾಟಕ ಸಂಘ ಕಟ್ಟಿದರು. ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ಊರಲ್ಲೇ ನಿಂತು ಅದನ್ನು ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ತಂಡ ತಿರುಗಾಟ. ಹೊರಗಿನವರು ಬಂದರು, ಕಲಿಸಿದರು, ಕಲಿತರು. ಊರವರು ನೋಡುಗರಾದರು, ನಟರಾದರು, ನಾಟಕ ಮುಗಿದ ಮೇಲೆ ನೇರವಾಗಿ ಪ್ರಶ್ನೆ ಕೇಳುವವರಾದರು. ಆನೆಗೊಂದಿ ಹೆಗ್ಗೋಡಾಗಬೇಕಿಲ್ಲ. ಅಲ್ಲಿನ ಜನ ಬೇರೆ, ಕಷ್ಟ ಬೇರೆ. ಆದರೆ ಊರು ಕೆಲಸದ ಒಳಗಿರಬೇಕು ಅನ್ನುವ ಪಾಠ ಅಲ್ಲಿದೆ.

ಆದ್ದರಿಂದ ಇಂಥ ಯೋಜನೆ ಕೈಗೆತ್ತಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟು. ಅರ್ಜಿ ಕನ್ನಡದಲ್ಲಿರಲಿ. ಬರೆಯಲು ಆಗದವರ ಮಾತನ್ನು ಫೋನಿನಲ್ಲಿ ಕೇಳಿ ನೀವೇ ಬರೆದುಕೊಳ್ಳಿ. ಅರ್ಧ ಜಾಗ ಕೊಪ್ಪಳ, ವಿಜಯನಗರ, ಬಳ್ಳಾರಿ ಸೀಮೆಯ ಕಲಾವಿದರಿಗೆ ಇಡಿ. ಬೆಂಗಳೂರು, ದಿಲ್ಲಿಯಿಂದ ಬಂದವರಿಗೆ ಎಷ್ಟು ಕೊಡುತ್ತೀರೋ ಇವರಿಗೂ ಅಷ್ಟೇ ಕೊಡಿ. "ಕುಶಲಕರ್ಮಿ" ಅಂತ ಪಟ್ಟಿಯ ಕೆಳಗೆ ಹಾಕಬೇಡಿ, ಹೆಸರಿನ ಪಕ್ಕ ಕಲಾವಿದ ಅಂತಲೇ ಬರೆಯಿರಿ. ಕಥೆ ಹೇಳಿದ ಅಜ್ಜಿಗೆ, ಹಾಡು ಹೇಳಿಕೊಟ್ಟವರಿಗೆ, ದಿನವಿಡೀ ಹರಿಗೋಲು ನಡೆಸಿದವರಿಗೆ ದುಡ್ಡು ಸಲ್ಲಲಿ. ಭತ್ತದ ನಾಟಿಯ ಹೊತ್ತಿಗೆ ಕಾರ್ಯಕ್ರಮ ಇಡಬೇಡಿ, ಊರವರು ಗದ್ದೆಯಲ್ಲಿರುತ್ತಾರೆ. ಕೊನೆಯ ಪ್ರದರ್ಶನ ಬೆಂಗಳೂರಿನ ಗ್ಯಾಲರಿಗೆ ಹೋಗುವ ಮೊದಲು ಊರ ಶಾಲೆಯಲ್ಲಿ ಆಗಲಿ.

ಈ ಕೆಲಸದಲ್ಲಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮಾತಾಡೋಣ. ನಮೂನೆಯನ್ನು ಕನ್ನಡದಲ್ಲಿ ಬರೆದುಕೊಡಲು, ಕಿನ್ನಾಳಕ್ಕೂ ಮೋರನಾಳಕ್ಕೂ ಹೋಗಿ ಮನೆಮನೆಗೆ ತಿಳಿಸಲು ನಾನು ತಯಾರಿದ್ದೇನೆ.