ಕುಕ್ಕರ್ ಕೂಗಬಾರದು

ಇವತ್ತು ಬೆಳಿಗ್ಗೆ ನಮ್ಮನೆ ಸಾರಿನಲ್ಲಿ ಬೇಳೆಯನ್ನು ಒಂದೊಂದಾಗಿ ಎಣಿಸಬಹುದಿತ್ತು. ತಪ್ಪು ನನ್ನದಲ್ಲ, ಬೇಳೆಯದೂ ಅಲ್ಲ. ಕುಕ್ಕರ್ ಎರಡನೇ ಸಲ ಕೂಗಿದ್ದೇ ತಡ, ಹಿತ್ತಲಿನಿಂದ ಓಡಿಬಂದ ನಮ್ಮನೆಯವರು ಗ್ಯಾಸ್ ಆರಿಸಿಬಿಟ್ಟರು. ಯಾಕ್ರೀ ಅಂದರೆ ತುಟಿ ಮೇಲೆ ಬೆರಳಿಟ್ಟು, "ಶ್! ಮಡಿವಾಳ ಹಕ್ಕಿ ಬಂದಿದೆ ಕಣೇ."

ಕಿಟಕಿಯಲ್ಲಿ ಇಣುಕಿದೆ. ಏನೂ ಇರಲಿಲ್ಲ. ಕುಕ್ಕರಿಗೆ ಹೆದರಿ ಹೋಗಿದ್ದಲ್ಲ, ಇವರು ಓಡಿದ ಸದ್ದಿಗೆ ಹೋಗಿದ್ದು.

ರಿಟೈರ್ ಆದ ಗಂಡಸರಿಗೆ ಏನಾದರೊಂದು ಹಿಡಿದೇ ಹಿಡಿಯುತ್ತೆ, ಅಲ್ವಾ? ಎದುರು ಮನೆಯವರಿಗೆ ಯೋಗ, ಮೂಲೆ ಮನೆಯವರಿಗೆ ಷೇರು. ನಮ್ಮವರು ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗಿ, ಅಲ್ಲಿ ಮೊಳದುದ್ದದ ಕ್ಯಾಮೆರಾ ಹಿಡಿದವರ ಹತ್ತಿರ ಮಾತಿಗೆ ನಿಂತು, ಹಕ್ಕಿ ಹುಚ್ಚು ಅಂಟಿಸಿಕೊಂಡು ಬಂದರು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತಂತೆ. ಈಗ ಆ ಯೋಗ ನಮ್ಮ ಹತ್ತಡಿ ಹಿತ್ತಲಿಗೆ.

ಮೊದಲು ಆನ್‌ಲೈನ್‌ನಲ್ಲಿ ನೇತುಹಾಕುವ ಕಾಳಿನ ಡಬ್ಬಿ ಬಂತು. ನವಣೆ, ಸಜ್ಜೆ ತುಂಬಿಸಿ ಕಾದಿದ್ದೇ ಕಾದಿದ್ದು. ಬಂದವು ಪಾರಿವಾಳ. ಮೊದಲ ದಿನ ನಾಲ್ಕು, ವಾರ ಕಳೆಯುವಷ್ಟರಲ್ಲಿ ಮೂವತ್ತು. ತಿಂದು, ಒಣಗಿಹಾಕಿದ್ದ ಹೊಸ ಬೆಡ್‌ಶೀಟಿನ ಮೇಲೆ ಸಹಿ ಹಾಕಿ ಹೋಗುತ್ತಿದ್ದವು. ಪೊರಕೆ ಬೀಸಿದರೂ ಒಂದಡಿ ಆಚೆ ಸರಿದು ನಿಲ್ಲುತ್ತಿದ್ದವು, ಅಷ್ಟೇ.

ಆಮೇಲೆ ಗೊತ್ತಾಯಿತು. ಪಿಕಳಾರಕ್ಕೆ ಹಣ್ಣು ಬೇಕು, ಮಡಿವಾಳಕ್ಕೆ ಹುಳ ಬೇಕು, ಸೂರಕ್ಕಿಗೆ ಹೂವಿನ ರಸ. ನವಣೆಯನ್ನು ಇವು ಮೂಸಿಯೂ ನೋಡುವುದಿಲ್ಲ. ಸರಿ, ಡಬ್ಬಿ ಅಟ್ಟ ಸೇರಿತು, ಹೊಸ ಕಾನೂನು ಬಂತು. ಪರಂಗಿ ಹಣ್ಣು ಮರದಲ್ಲೇ ಇರಬೇಕು, ಪಿಕಳಾರಕ್ಕೆ. ತರಗೆಲೆ ಗುಡಿಸುವ ಹಾಗಿಲ್ಲ, ಅದರಡಿಯ ಹುಳ ಮಡಿವಾಳಕ್ಕೆ. ದಾಸವಾಳ ಕೀಳುವ ಹಾಗಿಲ್ಲ, ಸೂರಕ್ಕಿಗೆ. ನಮ್ಮನೆ ಗಣಪತಿ ಎರಡು ತಿಂಗಳಿಂದ ಗರಿಕೆಯಲ್ಲೇ ಕಾಲ ಹಾಕುತ್ತಿದ್ದಾನೆ.

ಇದನ್ನೆಲ್ಲ ಸಹಿಸಿಕೊಂಡೆ. ಆ 'ಶ್' ಒಂದನ್ನು ಮಾತ್ರ ಆಗಲ್ಲ. ಮಿಕ್ಸಿ ಹಾಕಿದರೆ ಶ್. ತಂಗಿಯ ಹತ್ತಿರ ಫೋನಿನಲ್ಲಿ ನಕ್ಕರೆ ಶ್. ಮಂಗಳಾರತಿಗೆ ಗಂಟೆ ಎತ್ತಿಕೊಂಡರೆ, ಹಿತ್ತಲಿನಿಂದ ಶ್. ಹೋದ ತಿಂಗಳು ಸಿಲಿಂಡರ್‌ನವನು ಗೇಟು ಬಡಿದ. ಇವರು ಬರಿಗಾಲಲ್ಲಿ ಓಡಿಹೋಗಿ 'ಶ್' ಅಂದರು. ಅವನು ಪಾಪ, ಒಳಗೆ ಯಾರಿಗೋ ತುಂಬಾ ಸೀರಿಯಸ್ ಅಂದುಕೊಂಡ. ದಿನಾ ಧಡಾರ್ ಅಂತ ಎಸೆಯುವವನು ಅವತ್ತು ಸಿಲಿಂಡರನ್ನು ಎಳೆಮಗು ಥರ ತಬ್ಬಿಕೊಂಡು ಬಂದು, ಸದ್ದಿಲ್ಲದೆ ಇಳಿಸಿದ. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಯಾರಿಗಮ್ಮಾ?"

"ಹಕ್ಕಿಗೆ" ಅಂದೆ, ನಾನೂ ಪಿಸುಗುಟ್ಟಿ.

ಅವನು ಇವರ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಬೈನಾಕ್ಯುಲರ್ ನೋಡಿದ. ನನ್ನ ಮುಖ ನೋಡಿದ. ಮೇಲೆ ಕೊಡಬೇಕಾದ ಮೂವತ್ತು ರೂಪಾಯಿಯನ್ನೂ ಪಿಸುಗುಟ್ಟಿಯೇ ಕೇಳಿ ಇಸಕೊಂಡು ಹೋದ.

ನಾನು ಚಿಕ್ಕವಳಿದ್ದಾಗ ನನ್ನ ಬೇಸಿಗೆ ರಜೆ ಪೂರ್ತಿ ತಾರಸಿ ಮೇಲೇ ಕಳೆಯುತ್ತಿತ್ತು. ಅಮ್ಮ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟು, ಕಪ್ಪು ಕೊಡೆ ಬಿಡಿಸಿ, ಕೈಗೊಂದು ಕೋಲು ಕೊಟ್ಟು ಇಳಿದು ಹೋಗುತ್ತಿದ್ದಳು. ಕಾಗೆ ಬಂದರೆ 'ಹುಶ್', ಗೊರವಂಕ ಬಂದರೆ 'ಹುಶ್'. ಕೂಗಿ ಕೂಗಿ ಗಂಟಲು ಒಣಗುತ್ತಿತ್ತು. ಅರ್ಧ ಒಣಗಿದ ಸಂಡಿಗೆಯನ್ನು ನಾನೇ ತಿಂದು ಕಾಗೆ ಮೇಲೆ ಹಾಕಿದ್ದೂ ಉಂಟು. ಅಮ್ಮ ಬಟ್ಟೆಯ ಮೇಲಿನ ಖಾಲಿ ಗುರುತು ನೋಡಿ, "ಕಾಗೆ ಬಲು ಸಾಲಾಗಿ ತಿಂದಿದೆ" ಅನ್ನುತ್ತಿದ್ದಳು, ಇನ್ನೇನೂ ಹೇಳುತ್ತಿರಲಿಲ್ಲ. ಈಗ ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತೆ. ಆ ಕೊಡೆ ಎಲ್ಲಿ ಹೋಯಿತೋ.

ಇಷ್ಟೆಲ್ಲ ಆಗಿ, ಸೂರಕ್ಕಿ ಕೊನೆಗೂ ಬಂತು. ಬಂದು ಗೂಡು ಹಾಕಿದ್ದೆಲ್ಲಿ ಅಂತೀರಿ? ಅಡುಗೆಮನೆ ಕಿಟಕಿಯ ಹೊರಗೆ, ಬಟ್ಟೆ ಒಣಗಿಸುವ ತಂತಿಗೆ. ಯುಗಾದಿಗೆ ಧೂಳು ಹೊಡೆಯಬೇಕು ಅಂತ ನಾನು ಮುಂದೂಡುತ್ತಲೇ ಬಂದ ಮೂಲೆ ಅದು. ಅಲ್ಲಿದ್ದ ಜೇಡರ ಬಲೆಯನ್ನೇ ಎಳೆದೆಳೆದು, ನಾರು, ತೊಗಟೆ ಚೂರು ಅಂಟಿಸಿ, ಹಳೇ ಚೀಲದಂಥ ಗೂಡು ನೇತುಹಾಕಿತ್ತು. ಅಂದರೆ ಅದನ್ನು ಕರೆಸಿದ್ದು ನನ್ನ ಸೋಮಾರಿತನ. ಹೀಗಂದರೆ ಇವರು ಒಪ್ಪುವುದಿಲ್ಲ. ದುಡಿದಿದ್ದೆಲ್ಲ ಹೆಣ್ಣೇ. ಗಂಡು ದಾಸವಾಳದ ಕೊಂಬೆ ಮೇಲೆ ಕೂತು ಕೂಗುತ್ತಿತ್ತು, ಮೇಲ್ವಿಚಾರಣೆ ಇರಬೇಕು. ನಾನು ಇವರ ಕಡೆ ನೋಡಿದೆ. ಇವರು ಬೈನಾಕ್ಯುಲರ್ ಒರೆಸಿಕೊಳ್ಳುತ್ತಿದ್ದರು.

ಈಗ ಒದ್ದೆ ಬಟ್ಟೆಯೆಲ್ಲ ಗೇಟಿನ ಮೇಲೆ. ಬೀದಿಯವರಿಗೆಲ್ಲ ನಮ್ಮನೆ ಟವೆಲ್‌ಗಳ ಪರಿಚಯ ಆಗಿದೆ.

ಮಧ್ಯಾಹ್ನ ಅದೇ ಬೇಳೆಯನ್ನು ಮತ್ತೆ ಒಲೆಗಿಟ್ಟೆ. ಇವರು ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು, ಎರಡಡಿ ದೂರದ ಗೂಡನ್ನು ಬೈನಾಕ್ಯುಲರ್‌ನಲ್ಲೇ ನೋಡುತ್ತಿದ್ದರು. ನಾನೂ ಇಣುಕಿದೆ. ಗೂಡಿನ ಬಾಯಲ್ಲಿ ಬಾಗಿದ ಕೊಕ್ಕೊಂದು ಕಾಣಿಸುತ್ತಿತ್ತು, ಸೂಜಿ ಚುಚ್ಚಿಟ್ಟ ಹಾಗೆ. ಕುಕ್ಕರ್ ಸುಯ್ ಅನ್ನತೊಡಗಿತು. "ಶ್" ಅಂದರು. ನಾನು ಗ್ಯಾಸಿಗೆ ಅಡ್ಡ ನಿಂತೆ.

ಮೂರು ಸಲ ಕೂಗಿತು. ಕೊಕ್ಕು ಕದಲಲಿಲ್ಲ. ಕುರ್ಚಿಯಿಂದ ಬಿದ್ದವರು ಇವರೊಬ್ಬರೇ.